ಕೈರೋದಲ್ಲಿ ನಮ್ಮವರು

ಕೈರೋಗೆ ಹೋಗಿಯೂ ಕೈರೋ ನೋಡದೆ ಬಂದವರು ಲೋಕದಲ್ಲಿ ಯಾರಾದರೂ ಇದ್ದರೆ ಅವರು ನ್ಯೂಜೆರ್ಸಿಯ ಪಿಸ್ಕಾಟವೇ ಊರಿನ ದಿವಾಕರ, ನಳಿನಾಕ್ಷಿ ದಂಪತಿಗಳೇ ಸರಿ. ವಿಮಾನ ಇಳಿದದ್ದು ನಿಜ, ಪಾಸ್‌ಪೋರ್ಟಿಗೆ ಮುದ್ರೆ ಬಿದ್ದದ್ದು ನಿಜ, ಮೂರು ದಿನ ಇದ್ದದ್ದೂ ನಿಜ. ನೈಲ್ ನದಿಯ ನೀರನ್ನು ಸಹ ಕುಡಿದಿದ್ದರು, ಕುದಿಸಿ ಆರಿಸಿ ಸ್ಟೀಲ್ ಲೋಟದಲ್ಲಿ ಕೊಟ್ಟಿದ್ದನ್ನು. ಊರು ಮಾತ್ರ ನೋಡಲಿಲ್ಲ. ಅಮೆರಿಕದಲ್ಲಿ ಇದು ಗೊತ್ತಿದ್ದದ್ದು ಅವರಿಬ್ಬರಿಗೇ. ಈಗ, 1987ರ ಮಾರ್ಚಿನ ಒಂದು ಶನಿವಾರ, ಅವರ ಮನೆಯ ಬೇಸ್‌ಮೆಂಟಿಗೆ ಕನ್ನಡಿಗರ ಒಂದು ಹಿಂಡೇ ಕೈರೋ ಸ್ಲೈಡ್ ನೋಡಲು ಬರುವುದಿತ್ತು.

ಆಗಿನ ನ್ಯೂಜೆರ್ಸಿಯ ಕನ್ನಡ ಮನೆಗಳಲ್ಲಿ ಅದೊಂದು ಕಟ್ಟಳೆ. ಯಾರು ಎಲ್ಲಿಗೆ ಹೋಗಿಬಂದರೂ ನಾಲ್ಕು ಮನೆಯವರನ್ನು ಕರೆದು, ಗೋಡೆಗೆ ಬಿಳಿ ಬೆಡ್‌ಶೀಟ್ ಬಿಗಿದು, ಸ್ಲೈಡ್ ತೋರಿಸಿ, ಆಮೇಲೆ ಊಟ ಹಾಕಬೇಕು. ನಯಾಗರವನ್ನಂತೂ ಜನ ಎಷ್ಟು ಸಲ ನೋಡಿದ್ದರೆಂದರೆ ಆ ಬೆಡ್‌ಶೀಟುಗಳೇ ನೆನೆದು ತೊಪ್ಪೆಯಾಗಬೇಕಿತ್ತು. ದಿವಾಕರ ವರ್ಷಗಟ್ಟಲೆ ಬೇರೆಯವರ ಸ್ಲೈಡ್ ನೋಡಿ, ಬೇರೆಯವರ ಬಿಸಿಬೇಳೆಬಾತ್ ಉಂಡು ಬಂದವನು. ಟೆಲಿಫೋನ್ ಕಂಪನಿಯೊಂದರಲ್ಲಿ ಎಂಜಿನಿಯರು, ಕೆಲಸದಲ್ಲಿ ಚುರುಕು, ಮಾತಿನಲ್ಲಿ ಅದಕ್ಕಿಂತ ಚುರುಕು. ಮೈಸೂರಿನಿಂದ ಹಿಂದಿರುಗುವಾಗ ಮೂರು ದಿನ ಕೈರೋದಲ್ಲಿ ಇಳಿಯುತ್ತೇವೆಂದು ಹೊರಡುವ ಮೊದಲೇ ಹೋಬೋಕನ್‌ನಿಂದ ಮನ್ರೋವರೆಗೆ ಡಂಗುರ ಹೊಡೆದುಬಿಟ್ಟಿದ್ದ.

ಕೈರೋ ಹುಚ್ಚು ಅವನದಲ್ಲ, ನಳಿನಾಕ್ಷಿಯದು. ಅಮೆರಿಕಕ್ಕೆ ಬರುವ ಮುಂಚೆ ಅವಳು ಮೈಸೂರಿನಲ್ಲಿ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಇತಿಹಾಸ ಹೇಳುತ್ತಿದ್ದಳು. ಅರಬ್ ರಾಜ್ಯಗಳ ಪಾಠ ಬಂತೆಂದರೆ ಬೋರ್ಡಿನ ಮೇಲೆ ಹಳೆಯ ಕೈರೋದ ನಕ್ಷೆ ಬರೆಯುತ್ತಿದ್ದಳು. ಉತ್ತರಕ್ಕೆ ಬಾಬ್ ಅಲ್ ಫುತೂಹ್ ಎಂಬ ಕೋಟೆಬಾಗಿಲು, ದಕ್ಷಿಣಕ್ಕೆ ಬಾಬ್ ಜುವೇಲಾ ಎಂಬ ಇನ್ನೊಂದು, ನಡುವೆ ಒಂದು ಬೀದಿ. ಸಾವಿರ ವರ್ಷದಿಂದ ಜನ ನಡೆದಾಡುತ್ತಿರುವ ಬೀದಿ, ಉದ್ದ ಒಂದು ಮೈಲಿಯ ಆಸುಪಾಸು. ಪಿರಮಿಡ್ಡು ಯಾರಿಗೆ ಬೇಕು, ಅದು ಸತ್ತವರ ಮನೆ ಎನ್ನುವುದು ಅವಳ ವಾದ. ಬದುಕಿರುವ ಆ ಬೀದಿಯನ್ನು ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಮ್ಮೆ ತನ್ನ ಕಾಲಿನಲ್ಲಿ ನಡೆಯಬೇಕು, ಇಷ್ಟೇ ಅವಳಿಗೆ ಬೇಕಾಗಿದ್ದದ್ದು. ಇಲ್ಲಿಗೆ ಬಂದಮೇಲೆ ನ್ಯೂವಾರ್ಕಿನ ಇನ್ಶೂರೆನ್ಸ್ ಆಫೀಸಿನಲ್ಲಿ ಕ್ಲೇಮುಗಳನ್ನು ಟೈಪ್ ಮಾಡುತ್ತ ಕೂತರೂ ಆ ಬೀದಿ ತಲೆಯಿಂದ ಹೋಗಿರಲಿಲ್ಲ. ಊಟದ ಬಿಡುವಿನಲ್ಲಿ ಸುಮ್ಮನೆ ಕೂರಲಾಗದೆ, ಸೀರೆಯ ಮೇಲೆ ಕೋಟು ತೊಟ್ಟು, ಕಾಲಿಗೆ ಸ್ನೀಕರ್ಸ್ ಹಾಕಿ, ಮಾರ್ಕೆಟ್ ಸ್ಟ್ರೀಟಿನ ತುದಿಯವರೆಗೆ ಹೋಗಿ ಬರುತ್ತಿದ್ದಳು. ಜತೆಯ ಹೆಂಗಸರು ತೂಕ ಇಳಿಸುವುದಕ್ಕೆಂದು ತಿಳಿದಿದ್ದರು.

ಹಾಗಿದ್ದವಳು ಕೈರೋದಲ್ಲಿ ಇಳಿದೂ ನೋಡಲಿಲ್ಲ ಎಂದರೆ ಯಾರು ನಂಬುತ್ತಾರೆ ಹೇಳಿ. ಆದದ್ದು ಇಷ್ಟು. ಎಡಿಸನ್ನಿನಲ್ಲಿ ಡಾಕ್ಟರ್ ಚಂದ್ರಶೇಖರಪ್ಪ ಎಂದು, ಬಾಗಲಕೋಟೆಯ ಕಡೆಯವರು. ಅವರ ಹಾಸ್ಟೆಲ್ ಗೆಳೆಯ ಕೃಷ್ಣಮೂರ್ತಿ ಪಂಪು ತಯಾರಿಸುವ ಕಂಪನಿಯ ಪರವಾಗಿ ನಾಲ್ಕು ವರ್ಷದಿಂದ ಕೈರೋದಲ್ಲಿದ್ದ. ಡಾಕ್ಟರು ನಂಬರ್ ಕೊಟ್ಟು, "ಒಂದು ಫೋನ್ ಹಚ್ಚಿ ಮಾತಾಡ್ರಿ, ಖುಷಿ ಪಡ್ತಾನ" ಎಂದಿದ್ದರು. ಹೋಟೆಲ್ ತಲುಪಿದ ಕೂಡಲೇ ದಿವಾಕರ ಸೌಜನ್ಯಕ್ಕೆಂದು ಫೋನ್ ಮಾಡಿದ. ಸೂಟ್‌ಕೇಸಿನ ಬೀಗ ತೆಗೆಯುವಷ್ಟರಲ್ಲಿ ಕೃಷ್ಣಮೂರ್ತಿ ಕಾರು ತಂದು ಲಾಬಿಯಲ್ಲಿ ನಿಂತಿದ್ದ.

"ನಾವು ಇರುವಾಗ ಹೋಟೆಲ್ಲಾ ಸಾರ್? ಜನ ಕೇಳಿದ್ರೆ ಏನಂತಾರೆ?" ಎಂದವನು ಎರಡೂ ಸೂಟ್‌ಕೇಸನ್ನು ತಾನೇ ಎತ್ತಿಕೊಂಡು ನಡೆದ.

ಮನೆಯಲ್ಲಿ ಅವನ ಹೆಂಡತಿ ಸೀತಾಲಕ್ಷ್ಮಿ ನಳಿನಾಕ್ಷಿಯ ಎರಡೂ ಕೈ ಹಿಡಿದುಕೊಂಡು ಅತ್ತೇಬಿಟ್ಟಳು. ಎಷ್ಟೋ ತಿಂಗಳಿಂದ ಆಕೆ ಕನ್ನಡ ಮಾತಾಡಿದ್ದು ಗಂಡನ ಜತೆ ಮಾತ್ರವಂತೆ, ಅವನೋ ಹೂಂ ಉಹೂಂ ಬಿಟ್ಟರೆ ಮೂರನೆಯ ಮಾತಿಲ್ಲದವನಂತೆ. ಅಂಥವಳ ಮುಂದೆ ಚಪ್ಪಲಿ ಮೆಟ್ಟಿ ಹೊರಡುವುದು ಹೇಗೆ? ಮೊದಲ ದಿನ ಬಿಸಿಬೇಳೆಬಾತ್, ಅದರ ಮೇಲಿನ ನಿದ್ದೆ, ಆಮೇಲೆ ಮದುವೆ ಆಲ್ಬಂ. ಎರಡನೆಯ ದಿನ ಹೊರಡೋಣವೆಂದಾಗ ದೋಸೆ ಹಿಟ್ಟು ಉಕ್ಕಿತ್ತು. ದೋಸೆಯಾದ ಮೇಲೆ ವಿಡಿಯೋ ಕ್ಯಾಸೆಟ್ಟಿನಲ್ಲಿ ಕನ್ನಡ ಸಿನಿಮಾ, ಸಿನಿಮಾ ಮುಗಿಯುವಷ್ಟರಲ್ಲಿ ಇವರನ್ನು ನೋಡಲೆಂದೇ ಪಕ್ಕದ ಬೀದಿಯ ತೆಲುಗು ಕುಟುಂಬ ಬಂತು. ಮೂರನೆಯ ದಿನದ್ದು ಕೇಳಲೇಬೇಡಿ. ಊರಿಂದ ದಂಪತಿಗಳು ಬಂದ ಪುಣ್ಯವೆಂದು ಸೀತಾಲಕ್ಷ್ಮಿ ಸತ್ಯನಾರಾಯಣ ಪೂಜೆಯನ್ನೇ ಇಟ್ಟುಕೊಂಡಳು. ಕಥೆಯ ನಡುವೆ ಎದ್ದು ಹೋದವರಿಗೆ ಏನೇನಾಗುತ್ತದೆ ಎಂಬುದು ಆ ಕಥೆಯಲ್ಲೇ ಇದೆಯಲ್ಲ, ಯಾರು ಏಳುತ್ತಾರೆ?

ಆದರೂ ನಳಿನಾಕ್ಷಿ ಒಮ್ಮೆ ಬಾಯಿಬಿಟ್ಟು ಕೇಳಿದ್ದಳು. "ಹಳೇ ಊರು ಇಲ್ಲಿಂದ ಎಷ್ಟು ದೂರ? ನಾನೊಬ್ಬಳೇ ಟ್ಯಾಕ್ಸೀಲಿ ಹೋಗಿ ಬಂದ್ಬಿಡ್ಲಾ?"

"ಒಬ್ಬರೇನಾ? ಛೇ ಛೇ," ಎಂದಿದ್ದ ಕೃಷ್ಣಮೂರ್ತಿ. "ಅದೆಲ್ಲಿ ಹೋಗುತ್ತೆ ಮೇಡಂ, ಇಲ್ಲೇ ಇರುತ್ತೆ. ನಾಲ್ಕು ವರ್ಷ ಆಯ್ತು, ನಾವೇ ಇನ್ನೂ ನೋಡಿಲ್ಲ."

ವಿಮಾನ ನಿಲ್ದಾಣಕ್ಕೆ ಹೋಗುವಾಗ ಕಾರಿನ ಕಿಟಕಿಯಿಂದ ದೂರದಲ್ಲಿ ಜೋಡಿ ಮಿನಾರುಗಳು ಕಂಡಂತಾಯಿತು. ಅದೇ ಇರಬಹುದು ಎಂದು ಅವಳು ಗಾಜಿಗೆ ಮುಖ ಒತ್ತಿದಳು. ಅಷ್ಟರಲ್ಲಿ ಸೀತಾಲಕ್ಷ್ಮಿ ದಾರಿಗೆಂದು ಕಟ್ಟಿದ ಪುಳಿಯೋಗರೆಯ ಡಬ್ಬಿಯನ್ನು ಮಡಿಲಿಗಿಟ್ಟಳು, ಕಾರು ತಿರುಗಿತು. ವಿಮಾನದಲ್ಲಿ ನಳಿನಾಕ್ಷಿ ಮುಖಕ್ಕೆ ಕಂಬಳಿ ಎಳೆದುಕೊಂಡು ಅತ್ತಳು. ದಿವಾಕರ ಮಾತ್ರ ಏರ್‌ಪೋರ್ಟಿನ ಅಂಗಡಿಯಲ್ಲಿ ಪ್ರವಾಸಿಗಳಿಗೆಂದೇ ಮಾರುವ ಸಿದ್ಧ ಸ್ಲೈಡುಗಳ ಪೊಟ್ಟಣಗಳನ್ನು ಕೊಂಡು ಕೋಟಿನ ಜೇಬಿಗೆ ಸೇರಿಸಿದ್ದ. ಆ ಸ್ಲೈಡುಗಳೇ ಈಗ ಪ್ರೊಜೆಕ್ಟರಿನಲ್ಲಿ ಕೂತಿದ್ದದ್ದು.

"ಇದು ಬೇಡ ರೀ," ಎಂದು ಶನಿವಾರ ಬೆಳಗಿನಿಂದ ಅವಳು ಹಿಂದೆ ಹಿಂದೆ ಸುತ್ತುತ್ತಿದ್ದಳು. "ಫಿಲಂ ಹಾಳಾಯ್ತು ಅಂದ್ಬಿಡಿ."

"ಯಾರಿಗೆ ಗೊತ್ತಾಗುತ್ತೆ ನಳಿನಿ? ಸ್ಲೈಡು ಕೈರೋದೇ ತಾನೆ? ನಾವು ಹೋಗಿದ್ದೂ ಕೈರೋಗೇ ತಾನೆ? ನೀನು ಕೋಸಂಬರಿ ನೋಡ್ಕೋ."

ಕೋಸಂಬರಿ ಆಗಿತ್ತು, ಚಿತ್ರಾನ್ನ ಆಗಿತ್ತು, ಆದರೂ ಅವಳು ಕೂರಲಿಲ್ಲ. ಬೇಸ್‌ಮೆಂಟಿನ ಮೆಟ್ಟಿಲನ್ನು ಸುಮ್ಮಸುಮ್ಮನೆ ಹತ್ತಿ ಇಳಿದಳು. ಜೋಡಿಸಿದ ಕುರ್ಚಿಗಳನ್ನು ಮತ್ತೆ ಜೋಡಿಸಿದಳು.

ಜನ ಬಂದರು. ಬೂಟುಗಳಿಗೆ ಅಂಟಿದ ಹಿಮವನ್ನು ಕೊಡವಿ, ಕೋಟುಗಳನ್ನು ಮಂಚದ ಮೇಲೆ ಗುಡ್ಡೆ ಹಾಕಿ ಕೆಳಗಿಳಿದರು. ದೀಪ ಆರಿತು. ಪಿರಮಿಡ್ಡು, ಸಿಂಹದ ಮೈಯ ಮನುಷ್ಯ, ನೈಲ್ ಮೇಲಿನ ಹಾಯಿದೋಣಿ, ಮ್ಯೂಸಿಯಮ್ಮಿನ ಚಿನ್ನದ ಮುಖವಾಡ ಒಂದೊಂದಾಗಿ ಬೆಡ್‌ಶೀಟಿನ ಮೇಲೆ ಬಿದ್ದವು. ದಿವಾಕರ ಕೈಯಲ್ಲಿ ರೂಲುಕೋಲು ಹಿಡಿದು, ಬಿಸಿಲು ಹೇಗಿತ್ತು, ಒಂಟೆಯವನು ಹೇಗೆ ಪೀಡಿಸಿದ ಎಂದೆಲ್ಲ ಬಿಡುತ್ತಲೇ ಇದ್ದ. ಮೆಟ್ಟಿಲಿನ ಬುಡದಲ್ಲಿ ನಿಂತಿದ್ದ ನಳಿನಾಕ್ಷಿಗೆ ಕೋಪ ಬಂತು, ಅದರ ಜತೆಗೇ ನಗುವೂ ಬಂತು. ಆ ಒಂಟೆಯವನ ವಿಷಯ ಕೃಷ್ಣಮೂರ್ತಿ ಯಾರಿಂದಲೋ ಕೇಳಿ, ದೋಸೆ ತಿನ್ನುವಾಗ ಇವರಿಗೆ ಹೇಳಿದ್ದು.

"ಎಲ್ಲಾ ಭೇಷ್ ಅದಾವ್ರಿ," ಎಂದರು ಡಾಕ್ಟರ್ ಚಂದ್ರಶೇಖರಪ್ಪ ಕತ್ತಲೆಯಲ್ಲಿ. "ಆದ್ರ ಒಂದರಾಗೂ ನೀವಿಬ್ರೂ ಇಲ್ಲಲ್ರೀ?"

"ಕ್ಯಾಮೆರಾ ಹಿಡಿದೋನು ನಾನಲ್ವಾ ಡಾಕ್ಟ್ರೆ. ಇವಳಿಗೆ ಫೋಟೋ ಅಂದ್ರೆ ಸಂಕೋಚ."

ಮುಂದಿನ ಸ್ಲೈಡು ಬಿತ್ತು. ಎರಡು ದುಂಡು ಬುರುಜುಗಳ ನಡುವೆ ಕಮಾನಿನ ಬಾಗಿಲು, ಬುರುಜುಗಳ ನೆತ್ತಿಯ ಮೇಲೆ ಜೋಡಿ ಮಿನಾರು, ಕೆಳಗೆ ಕತ್ತೆಗಾಡಿ. ದಿವಾಕರನಿಗೆ ಇದು ಏನೆಂದು ತಿಳಿಯದು. ಯಾವುದೋ ಕೋಟೆ, ಹೊರಗಿನಿಂದ ನೋಡಿದೆವು ಎಂದು ಮುಂದಕ್ಕೆ ಹೋಗಲು ನೋಡಿದ.

"ತಡೀರಿ ತಡೀರಿ," ಎಂದಳು ಡಾಕ್ಟರ ಹೆಂಡತಿ ಕಾಶಿಬಾಯಿ. "ಮಸೀದಿ ಮಿನಾರು ಕ್ವಾಟಿ ಬಾಗಲದ ಮ್ಯಾಲ ಯಾಕ ಕಟ್ಯಾರ್ರೀ?"

ದಿವಾಕರ ರೂಲುಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ನಳಿನಾಕ್ಷಿ ತಡೆದುಕೊಳ್ಳಲಾರದೆ ಬಾಯಿ ತೆರೆದಳು.

"ಅದು ಬಾಬ್ ಜುವೇಲಾ. ಬಾಗಿಲು ಹಳೇದು, ಮಿನಾರು ಅದಕ್ಕಿಂತ ಮುನ್ನೂರು ವರ್ಷ ಆಮೇಲಿಂದು. ಒಬ್ಬ ಸುಲ್ತಾನ ಬಾಗಿಲಿನ ಪಕ್ಕದಲ್ಲೇ ಮಸೀದಿ ಕಟ್ಟಿಸ್ದ. ಬುರುಜು ಗಟ್ಟಿಯಾಗಿ ನಿಂತೇ ಇತ್ತಲ್ಲ, ಮಿನಾರನ್ನ ಅದರ ಮೇಲೇ ಏರಿಸ್ದ."

ಅಷ್ಟಕ್ಕೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಬೆಡ್‌ಶೀಟಿನ ಹತ್ತಿರ ಬಂದು, ಗಂಡನ ಕೈಯಿಂದ ರೂಲುಕೋಲು ತೆಗೆದುಕೊಂಡು, ಉತ್ತರದ ಬಾಗಿಲಿನಿಂದ ಅವರನ್ನೆಲ್ಲ ಒಳಕ್ಕೆ ಕರೆದುಕೊಂಡು ಹೊರಟಳು. ಎಡಕ್ಕೆ ಹುಚ್ಚು ಖಲೀಫನ ಮಸೀದಿ, ಮುಂದೆ ಬಲಕ್ಕೆ ಸುಲ್ತಾನನ ಆಸ್ಪತ್ರೆ, ಅಲ್ಲಿ ನಿದ್ದೆ ಬಾರದ ರೋಗಿಗಳಿಗೆ ಸಂಗೀತ ಕೇಳಿಸುತ್ತಿದ್ದರಂತೆ. ತಾಮ್ರದ ಪಾತ್ರೆ ಬಡಿಯುವವರು, ಅತ್ತರಿನವರು, ಕೊನೆಯಲ್ಲಿ ಬಾಗಿಲು ದಾಟಿದರೆ ಡೇರೆ ಹೊಲಿಯುವವರ ಬೀದಿ. ಬೇಸ್‌ಮೆಂಟಿನಲ್ಲಿ ಕೆಮ್ಮುವವರೂ ಇರಲಿಲ್ಲ. ಅವಳ ಧ್ವನಿಗೆ ಹಳೆಯ ಕ್ಲಾಸ್‌ರೂಮಿನ ಕಸುವು ಬಂದಿತ್ತು. ಎಷ್ಟೋ ವರ್ಷಗಳ ಮೇಲೆ ಅವಳಿಗೆ ತಾನು ತಾನಾಗಿದ್ದೇನೆ ಅನ್ನಿಸಿತು.

ದೀಪ ಹಾಕಿದಾಗ ಕಾಶಿಬಾಯಿ ಬಂದು ಅವಳ ಭುಜ ಹಿಡಿದಳು. "ಅಕ್ಕಾರ, ನಿಮ್ಮ ಸಂಗಾಟ ಅಡ್ಡಾಡಿ ಬಂದಂಗ ಆತು ನೋಡ್ರಿ. ಡಿಸೆಂಬರ್‌ದಾಗ ನಾವು ಊರಿಗೆ ಹೊಂಟೀವಿ. ಕೈರೋದಾಗ ಮೂರು ದಿನ ಇಳಿಯೋ ವಿಚಾರ ಐತಿ. ನಿಮ್ಮ ಅಣ್ಣನ ಮಗಳ ಮದುವಿ ಡಿಸೆಂಬರ್‌ದಾಗೇ ಅಂದ್ರಲ್ಲ. ನೀವೂ ನಮ್ಮ ಜೋಡಿ ಬರ್ರಿ. ಬಂದು ನಮಗ ಎಲ್ಲಾ ತೋರಸ್ರಿ."

ನಳಿನಾಕ್ಷಿಯ ಮೈ ಝುಂ ಅಂದಿತು. ಅವಳು ಹೂಂ ಅನ್ನುವ ಮುಂಚೆ ದಿವಾಕರ ನಗುತ್ತ ಅಡ್ಡ ಬಂದ.

"ನೋಡಿದ ಊರನ್ನೇ ಇನ್ನೊಂದು ಸಲ ಏನು ನೋಡ್ತಾಳೆ ಕಾಶಿಬಾಯಿಯವ್ರೆ. ಕೈರೋ ಮುಗೀತು. ಈ ಸಲ ನನಗೆ ರಜೆ ಇಲ್ಲ, ಇವಳೊಬ್ಬಳೇ ಲಂಡನ್ ಮೇಲೆ ಹೋಗ್ತಾಳೆ, ಅಲ್ಲಿ ನಮ್ಮ ಭಾವ ಇದ್ದಾರೆ. ಏರ್‌ಪೋರ್ಟಿಗೇ ಬರ್ತಾರೆ."

ಕೈರೋ ಮುಗಿಯಿತು. ಎಷ್ಟು ಸಲೀಸಾಗಿ ಹೇಳಿಬಿಟ್ಟ. ಆಗ ನಳಿನಾಕ್ಷಿಗೆ ಹೊಳೆಯಿತು, ತಾನು ಚಂದವಾಗಿ ಹೇಳಿದಷ್ಟೂ ಬಾಗಿಲು ಭದ್ರವಾಗಿ ಮುಚ್ಚಿಕೊಂಡಿದೆ. ಇನ್ನು ಮೇಲೆ ಯಾವ ಜನ್ಮದಲ್ಲೂ ಯಾರೂ ಅವಳನ್ನು ಕೈರೋದಲ್ಲಿ ಇಳಿಯಲು ಬಿಡುವುದಿಲ್ಲ, ನೋಡಿಯಾಗಿದೆಯಲ್ಲ. ಗಂಡನ ಮುಖ ನೋಡಿದಳು. ಎಲ್ಲರೂ ಹೊಗಳಿದ ಖುಷಿಯಲ್ಲಿ ಅದು ಅರಳಿತ್ತು. ಅದನ್ನು ಕೆಡಿಸಬೇಕಲ್ಲ ಎಂದು ಸಂಕಟವಾಯಿತು.

"ನಾನು ಕೈರೋ ನೋಡಿಲ್ಲ," ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಒಬ್ಬರಿಬ್ಬರು ತಮಾಷೆಯೆಂದು ನಕ್ಕರು.

"ನಿಜವಾಗಿ ನೋಡಿಲ್ಲ. ಈ ಸ್ಲೈಡುಗಳು ಏರ್‌ಪೋರ್ಟಲ್ಲಿ ಕೊಂಡದ್ದು. ಮೂರು ದಿನವೂ ನಾವು ಕೃಷ್ಣಮೂರ್ತಿಯವರ ಮನೇಲಿದ್ವಿ. ಬಿಸಿಬೇಳೆಬಾತ್ ತಿಂದ್ವಿ, ಸಿನಿಮಾ ನೋಡಿದ್ವಿ, ಸತ್ಯನಾರಾಯಣ ಪೂಜೆಗೆ ಕೂತ್ವಿ. ನಾನು ಹೇಳಿದ್ದೆಲ್ಲ ಪುಸ್ತಕದ್ದು. ನನಗೆ ಆ ಬೀದೀಲಿ ನಡೀಬೇಕು. ಅದಕ್ಕೆ ಹೇಳ್ತಿದೀನಿ."

ದಿವಾಕರ ಬಗ್ಗಿ ಪ್ರೊಜೆಕ್ಟರಿನ ಸ್ವಿಚ್ಚು ಹುಡುಕತೊಡಗಿದ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹುಡುಕಿದ. ಮೊದಲು ಕಿಸಕ್ಕೆಂದವಳು ಕಾಶಿಬಾಯಿ. ಅವಳ ಹಿಂದೆ ಬೇಸ್‌ಮೆಂಟಿಗೆ ಬೇಸ್‌ಮೆಂಟೇ ಬಿದ್ದು ಬಿದ್ದು ನಕ್ಕಿತು. ಕೆಟ್ಟ ನಗೆಯಲ್ಲ, ಆದರೆ ನಗೆಗೀಡಾದವನಿಗೆ ಎಲ್ಲಾ ನಗೆಯೂ ಒಂದೇ.

"ಹೋಗ್ಲಿ ಬಿಡ್ರಿ," ಎಂದರು ಡಾಕ್ಟರು ಕಣ್ಣೊರೆಸಿಕೊಳ್ಳುತ್ತ. "ನೀವು ನಮ್ಮ ಜೋಡಿ ಬರ್ರಿ, ಎಲ್ಲಾ ವ್ಯವಸ್ಥಾ ಆಗೇತಿ. ಕೃಷ್ಣಮೂರ್ತಿಗೆ ಆಗಲೇ ಹೇಳೀನಿ, ಮೂರು ದಿನಾನೂ ಅವನ ಮನ್ಯಾಗೇ ಇರೋದು. ಬ್ಯಾರೆ ಕಡೆ ಇಳಿದ್ರ ನನ್ನ ಹೆಣ ಬೀಳಸ್ತಾನ ಅಂವ."

ನಳಿನಾಕ್ಷಿ ಅಲ್ಲೇ ಇದ್ದ ಕುರ್ಚಿಯ ಮೇಲೆ ಕುಸಿದು ಕೂತಳು. ಇಷ್ಟು ಮಾನ ಕಳೆದು ಸಂಪಾದಿಸಿದ್ದು ಅದೇ ಬಿಸಿಬೇಳೆಬಾತಿಗೆ ಆಹ್ವಾನವನ್ನು. ಕಾಶಿಬಾಯಿಗಂತೂ ಪರಮ ಸಂತೋಷ, ಪರದೇಶದಲ್ಲಿ ಮನೆಯೂಟ ಸಿಗುತ್ತದೆ, ಇನ್ನೇನು ಬೇಕು.

ಎಲ್ಲರೂ ಹೋದಮೇಲೆ ಅಡುಗೆಮನೆಯಲ್ಲಿ ದಿವಾಕರ ಪಾತ್ರೆ ಒರೆಸುವ ಬಟ್ಟೆ ಹಿಡಿದು ನಿಂತ, ಒರೆಸಲಿಲ್ಲ.

"ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ತೆಗೆದ್ಯಲ್ಲೇ."

"ತೆಗೆದೆ. ನನಗೂ ಬೇಜಾರಾಗಿದೆ. ಆದ್ರೆ ನೀವು 'ಮುಗೀತು' ಅಂದ್ರಿ. ನನಗೆ ಶುರುವೇ ಆಗಿಲ್ಲ ರೀ. ಡಿಸೆಂಬರಲ್ಲಿ ನಾನು ಕೈರೋದಲ್ಲೇ ಇಳೀತೀನಿ. ಡಾಕ್ಟರ ಜತೆಯೂ ಅಲ್ಲ, ಒಬ್ಬಳೇ. ಹೋಟೆಲಲ್ಲಿ ಇರ್ತೀನಿ."

"ಒಬ್ಬಳೇನಾ? ಅಲ್ಲಿ ನಿನಗೆ ಯಾರಿದ್ದಾರೆ?"

"ಯಾರೂ ಇಲ್ಲ. ಯಾರೂ ಇರಬಾರದು. ಅದೇ ನನಗೆ ಬೇಕಾಗಿರೋದು."

ದಿವಾಕರ ಬಟ್ಟೆಯನ್ನು ಸಿಂಕಿನ ಪಕ್ಕ ಹಾಕಿ ಮಲಗಲು ಹೋದ. ಮುಂದಿನ ತಿಂಗಳು, ಅದರ ಮುಂದಿನ ತಿಂಗಳು ಯಾರ ಮನೆಯ ಸ್ಲೈಡಿಗೂ ಹೋಗಲಿಲ್ಲ. ಅಂಗಡಿಯಲ್ಲಿ ಸಿಕ್ಕವರು ಅವನನ್ನು 'ಕೈರೋ ದಿವಾಕರ್' ಎಂದು ಕರೆಯುತ್ತಾರೆಂದು ಗೊತ್ತಾದ ಮೇಲೆ ತರಕಾರಿಗೂ ಅವಳನ್ನೇ ಕಳಿಸಿದ. ಅವನಿಗೆ ತನ್ನಿಂದ ನೋವಾಯಿತೆಂದು ನಳಿನಾಕ್ಷಿಗೆ ಮರುಕವಿತ್ತು, ಆದರೆ ಹಿಂದೆ ಸರಿಯುವ ಮನಸ್ಸು ಎಷ್ಟು ಹುಡುಕಿದರೂ ಸಿಗಲಿಲ್ಲ. ಬೇಸಿಗೆಯೆಲ್ಲ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಊಟದ ಬಿಡುವಿನಲ್ಲಿ ಮಾರ್ಕೆಟ್ ಸ್ಟ್ರೀಟನ್ನು ಒಂದು ಸಲ ತುಳಿಯುತ್ತಿದ್ದವಳು ಈಗ ಎರಡು ಸಲ ತುಳಿದಳು, ರೈಲಿನಲ್ಲಿ ಸೀಟಿದ್ದರೂ ಬಾಗಿಲ ಬಳಿ ನಿಂತೇ ಕಮ್ಯೂಟ್ ಮಾಡಿದಳು. ಅಕ್ಟೋಬರಿನಲ್ಲಿ ತಾನೇ ಏಜೆಂಟನ ಹತ್ತಿರ ಹೋಗಿ ಟಿಕೆಟ್ ಮಾಡಿಸಿದಳು, ಡಾಕ್ಟರು ಹೊರಡುವುದಕ್ಕಿಂತ ಒಂದು ವಾರ ಮುಂಚಿನದು. ಹಳೆಯ ಊರಿಗೆ ಹತ್ತಿರದ ಹೋಟೆಲ್ ಯಾವುದೆಂದು ಕೇಳಿ ಗೊತ್ತು ಮಾಡಿಕೊಂಡಳು. ಮಿನಾರಿನ ಮೆಟ್ಟಿಲು ಹತ್ತುವುದಕ್ಕೆ ಸೀರೆ ತೊಡರುತ್ತದೆಂದು, ಮಾಲ್‌ನ ಅಂಗಡಿಯಲ್ಲಿ ಹುಟ್ಟಿದಮೇಲೆ ಮೊದಲ ಸಲ ಒಂದು ಪ್ಯಾಂಟು, ಕತ್ತಿನವರೆಗೆ ಮುಚ್ಚುವ ಒಂದು ಸ್ವೆಟರು ಕೊಂಡು ಕೈಚೀಲದ ತಳದಲ್ಲಿಟ್ಟಳು. ಗಂಡನಿಗೆ ಹೇಳಲಿಲ್ಲ. ಅವನು ನಕ್ಕರೆ ಎಂಬ ಸಂಕೋಚ.

ಡಿಸೆಂಬರ್ ಬಂತು. ಕೆನೆಡಿ ಏರ್‌ಪೋರ್ಟಿಗೆ ದಿವಾಕರನೇ ಡ್ರೈವ್ ಮಾಡಿದ. ಬ್ರಿಡ್ಜ್ ಮೇಲೆ ಟ್ರಾಫಿಕ್ಕಿತ್ತು, ಅವನು ಸ್ಟೀರಿಂಗ್ ಮೇಲೆ ಬೆರಳು ಕುಟ್ಟುತ್ತಿದ್ದ. ಏನೋ ಹೇಳಲಿಕ್ಕಿದೆ, ಹೇಳಲಾರ ಎಂಬುದು ಅವಳಿಗೆ ತಿಳಿಯಿತು. ಸೂಟ್‌ಕೇಸ್ ಒಳಕ್ಕೆ ಹೋಗಿ, ಆಗೆಲ್ಲ ಬೀಳ್ಕೊಡುವವರನ್ನೂ ಬಿಡುತ್ತಿದ್ದ ಗೇಟಿನ ಹತ್ತಿರ ಇಬ್ಬರೂ ಕೂತಮೇಲೆ ಬಾಯಿಬಿಟ್ಟ.

"ನಳಿನಿ, ಬೈಬೇಡ. ನಿನ್ನೆ ಕೃಷ್ಣಮೂರ್ತಿಗೆ ಫೋನ್ ಮಾಡಿದೆ."

ಅವಳು ಅವನತ್ತ ತಿರುಗಿದಳು.

"ನನಗೆ ನಿದ್ದೆ ಬರ್ಲಿಲ್ಲ ಕಣೆ. ಗೊತ್ತಿಲ್ಲದ ಊರು, ಒಬ್ಬಳೇ ಹೆಂಗಸು. ಇಬ್ಬರೂ ಏರ್‌ಪೋರ್ಟಿಗೆ ಬರ್ತಾರಂತೆ. ನೀನು ಬರ್ತೀಯ ಅಂತ ಆಕೆಗೆ ಎಷ್ಟು ಖುಷಿ ಗೊತ್ತಾ, ಅವರಿಬ್ಬರೇ ಇದ್ದು ಇದ್ದು ಸಾಕಾಗಿದೆಯಂತೆ. ರೂಮು ಸಿದ್ಧ ಮಾಡಿದಾರಂತೆ. ಹೊರಗೆ ಬರುವ ಬಾಗಿಲಲ್ಲೇ ನಿಂತಿರ್ತಾರೆ, ನೀನು ತಪ್ಪಿಸಿಕೊಳ್ಳೋ ಹಾಗೇ ಇಲ್ಲ."

ಕೊನೆಯ ಮಾತನ್ನು ಅವನು ಧೈರ್ಯ ಹೇಳುವುದಕ್ಕೆಂದೇ ಹೇಳಿದ್ದ. ನಳಿನಾಕ್ಷಿಗೆ ಸಿಟ್ಟಿನಿಂದ ಅಳು ಬಂತು. ಬೈಯಬೇಕೆಂದರೆ ಆ ಮುಖದಲ್ಲಿ ನಿದ್ದೆಗೆಟ್ಟ ಕಣ್ಣುಗಳು, ನಿಜವಾದ ದಿಗಿಲು. ಪ್ರೀತಿಗೆ ಎದುರಾಡುವುದು ಹೇಗೆ? ಕೃಷ್ಣಮೂರ್ತಿಯದೂ ಪ್ರೀತಿ, ಸೀತಾಲಕ್ಷ್ಮಿಯದಂತೂ ಹೇಳತೀರದ ಪ್ರೀತಿ. ಮೂರು ದಿನವೂ ಆಕೆ ಕೈ ಬಿಡುವುದಿಲ್ಲ. ಅಲ್ಲಿ ದೋಸೆಗೆ ಅಕ್ಕಿ ಆಗಲೇ ನೆನೆಹಾಕಿರುತ್ತಾಳೆ.

"ಬಾತ್‌ರೂಮಿಗೆ ಹೋಗಿ ಬರ್ತೀನಿ," ಎಂದು ಕೈಚೀಲ ಎತ್ತಿಕೊಂಡು ಎದ್ದಳು.

ಊರಿಗೆ ಹೋಗುವಾಗ ಎಲ್ಲರಂತೆ ಅವಳೂ ಒಳ್ಳೆಯ ಸೀರೆಯನ್ನೇ ಉಟ್ಟಿದ್ದಳು, ಹಸಿರು ಮೈಸೂರು ಸಿಲ್ಕು. ಕೃಷ್ಣಮೂರ್ತಿ ದಂಪತಿಗಳು ಹುಡುಕುವುದು ಸೀರೆಯನ್ನೇ, ಹಣೆಯ ಕುಂಕುಮವನ್ನೇ, ತುರುಬನ್ನೇ. ಬಾಗಿಲು ಹಾಕಿಕೊಂಡು ಸೀರೆ ಬಿಚ್ಚಿದಳು. ಇಕ್ಕಟ್ಟಿನಲ್ಲಿ ಅದನ್ನು ಮಡಿಸುವ ಹೊತ್ತಿಗೆ ಎರಡು ಸಲ ಗೋಡೆಗೆ ಮೊಣಕೈ ಬಡಿಯಿತು. ಪ್ಯಾಂಟು ಏರಿಸಿದಳು, ಸ್ವೆಟರಿನ ಕತ್ತಿನೊಳಗೆ ಮಾಂಗಲ್ಯವನ್ನು ಸೇರಿಸಿದಳು, ಕೂದಲು ಬಿಚ್ಚಿ ಸ್ಕಾರ್ಫಿನೊಳಗೆ ಕಟ್ಟಿದಳು. ಕನ್ನಡಿಯ ಮುಂದೆ ಬಂದು ಹಣೆಯ ಸ್ಟಿಕ್ಕರ್ ಕುಂಕುಮಕ್ಕೆ ಕೈ ಹೋದಾಗ ಒಂದು ಗಳಿಗೆ ತಡೆಯಿತು. ಏನೂ ಆಗುವುದಿಲ್ಲ ಬಿಡು ಎಂದು ತನಗೆ ತಾನೇ ಹೇಳಿಕೊಂಡು ಕಿತ್ತಳು, ಕನ್ನಡಿಯ ಮೂಲೆಗೆ ಅಂಟಿಸಿದಳು. ಕನ್ನಡಿಯಲ್ಲಿ ಯಾರೋ ಒಬ್ಬಳು ನಡುವಯಸ್ಸಿನ ಪ್ರವಾಸಿ, ಯಾವ ದೇಶದವಳೆಂದು ಹೇಳಲು ಬಾರದು.

ಹೊರಗೆ ಬಂದಾಗ ಬೋರ್ಡಿಂಗ್ ಎಂದು ಕೂಗುತ್ತಿದ್ದರು. ದಿವಾಕರ ಎದ್ದು ನಿಂತು ಹೆಂಗಸರ ಬಾತ್‌ರೂಮಿನ ಬಾಗಿಲನ್ನೇ ನೋಡುತ್ತಿದ್ದ. ನಳಿನಾಕ್ಷಿ ನೇರ ಅವನ ಎದುರಿಗೆ ನಡೆದು ಬಂದು ಕೈಗೆಟುಕುವಷ್ಟು ಹತ್ತಿರ ನಿಂತಳು. ಅವನು ದಾರಿ ಬಿಡುವವನಂತೆ ಪಕ್ಕಕ್ಕೆ ಸರಿದ. "ಸಾರಿ" ಎಂದು ಇಂಗ್ಲಿಷಿನಲ್ಲಿ ಹೇಳಿ, ಅವಳ ಭುಜದ ಮೇಲಿಂದ ಮತ್ತೆ ಬಾಗಿಲಿನತ್ತ ಕತ್ತು ಚಾಚಿ ಹಸಿರು ಸೀರೆಯನ್ನು ಹುಡುಕಿದ. ಇಪ್ಪತ್ತು ವರ್ಷ ಜತೆಗೆ ಬಾಳಿದ ಗಂಡಸು. ಅವಳಿಗೆ ಖುಷಿಯಾಯಿತು, ಅದರ ಹಿಂದೆಯೇ ಎದೆಯಲ್ಲಿ ಏನೋ ಚುಳುಕ್ಕೆಂದಿತು.

"ರೀ, ನಾನು ಬರ್ತೀನಿ."

ಧ್ವನಿ ಕೇಳಿ ಅವನು ಬೆಚ್ಚಿಬಿದ್ದ. ಸ್ಕಾರ್ಫಿನಿಂದ ಸ್ನೀಕರ್ಸ್‌ವರೆಗೆ ನೋಡಿದ, ಮತ್ತೆ ಮುಖ ನೋಡಿದ, ಬರಿದಾದ ಹಣೆ ನೋಡಿದ.

"ಅವರಿಗೆ ನಿನ್ನ ಗುರುತೇ ಸಿಗೋದಿಲ್ವಲ್ಲೇ."

"ಸಿಗಬಾರದು."

"ಪಾಪ, ಬಾಗಿಲಲ್ಲೇ ಕಾಯ್ತಾ ನಿಂತಿರ್ತಾರೆ ನಳಿನಿ. ಆಕೆ ಅಡುಗೆ ಮಾಡಿಟ್ಟು ಬಂದಿರ್ತಾಳೆ."

ಸೀತಾಲಕ್ಷ್ಮಿ ಕೈ ಹಿಡಿದು ಅತ್ತದ್ದು ನಳಿನಾಕ್ಷಿಗೆ ಕಣ್ಣಿಗೆ ಕಟ್ಟಿತು. ಬಂದವರೆಲ್ಲ ಹೊರಟುಹೋದಮೇಲೂ ಆಕೆ ಆ ಬಾಗಿಲಲ್ಲಿ ಕತ್ತು ಚಾಚಿ ನಿಂತಿರುತ್ತಾಳೆ, ಇವಳು ಅವಳ ಮಗ್ಗುಲಿಂದಲೇ ಹಾದುಹೋಗಬೇಕು. ಪಾಪ ಎನ್ನಿಸಿತು, ಬಹಳ ಪಾಪ ಎನ್ನಿಸಿತು. ಕೈಚೀಲವನ್ನು ಹೆಗಲಿಗೇರಿಸಿಕೊಂಡಳು.

"ಕಾಯಲಿ," ಎಂದಳು.